ಹೊಸ ಹಿಮಾಲಯನ್‌ಗೆ ಕಾಯಬೇಕಾ, ಈಗಿನದ್ದೇ ತಗೊಳ್ಳಬೇಕಾ?

ಪ್ರಶ್ನೆ: ನಾನು ಮೂಡಿಗೆರೆ ಕಡೆಯವನು. ಎತ್ತರ ಐದು ಅಡಿ ಆರು ಇಂಚು. ಎಂಟು ವರ್ಷದ ಹಳೆಯ 350 ಸಿಸಿ ಗಾಡಿ ಇದೆ. ಅದನ್ನು ಕೊಟ್ಟು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ತಗೊಳ್ಳೋಣ ಅಂತ ದುಡ್ಡು ಹೊಂದಿಸಿಟ್ಟಿದ್ದೇನೆ. ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ಬರುತ್ತೇನೆ, ಹೆಂಡತಿಯೂ ಜೊತೆಗೆ ಬರುತ್ತಾಳೆ. ಈಗ ಗೆಳೆಯನೊಬ್ಬ ‘ಆರು ತಿಂಗಳು ತಡಿ, ಹೊಸ ಮಾಡೆಲ್ ಬರುತ್ತೆ, ಟ್ವಿನ್ ಸಿಲಿಂಡರ್ ಅಂತೆ, ಕ್ರೂಸ್ ಕಂಟ್ರೋಲ್ ಇರುತ್ತಂತೆ’ ಎಂದು ಫೋನಿನಲ್ಲಿ ಮಸುಕು ಫೋಟೊ ತೋರಿಸುತ್ತಾನೆ. ಕಾಯಬೇಕಾ ಸರ್?

ಉತ್ತರ: ನಿಮ್ಮ ಗೆಳೆಯ ತೋರಿಸಿದಂಥ ಫೋಟೊ ನನಗೂ ವಾರಕ್ಕೊಂದು ಬರುತ್ತದೆ. ಯಾವುದೋ ಹೆದ್ದಾರಿ, ಕಾರಿನ ಕಿಟಕಿಯಿಂದ ತೆಗೆದದ್ದು. ಗಾಡಿಯ ಮೈತುಂಬಾ ಕಪ್ಪು-ಬಿಳಿ ಸ್ಟಿಕ್ಕರ್, ಹಿಂದೆ ಒಂದು ಪೆಟ್ಟಿಗೆ. ಯಾರೋ ಅದರ ಮೇಲೆ ಕೆಂಪು ಬಾಣ ಬರೆದು ‘ಹೊಸ ಎಂಜಿನ್?’ ಎಂದು ಕೇಳಿರುತ್ತಾರೆ. ಟೆಸ್ಟ್ ಗಾಡಿ ರಸ್ತೆಗೆ ಬಂತು ಎಂದ ಮಾತ್ರಕ್ಕೆ ಹೊಸ ಮಾಡೆಲ್ ಬಂತು ಅಂತಲ್ಲ. ಬ್ರೇಕ್ ಪ್ಯಾಡ್ ಬೇರೆ ಕಡೆಯಿಂದ ತರಿಸಿದರೂ ಓಡಿಸಿ ನೋಡುತ್ತಾರೆ. ಟೈರ್ ಬದಲಿಸಿದರೂ ಓಡಿಸುತ್ತಾರೆ. ಪೆಟ್ರೋಲಿಗೆ ಎಥನಾಲ್ ಬೆರಕೆ ಜಾಸ್ತಿಯಾದರೂ ಓಡಿಸುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಕೆಲಸ ಫೋಟೊ ತೆಗೆದವರದ್ದು, ಕಂಪನಿಯವರದ್ದಲ್ಲ.

ಮೊದಲು ನನ್ನ ಊಹೆ ಹೇಳಿಬಿಡುತ್ತೇನೆ, ಆಮೇಲೆ ಕಾರಣ. ಈ ಗಾಡಿಗೆ ಟ್ವಿನ್ ಸಿಲಿಂಡರ್ ಬರುವುದಿಲ್ಲ. 452 ಸಿಸಿಯ ಒಂಟಿ ಸಿಲಿಂಡರ್ ಎಂಜಿನ್ ಇನ್ನೂ ಹಲವು ವರ್ಷ ಹೀಗೇ ಇರುತ್ತದೆ. ಬದಲಾಗುವುದು ಅದರ ಸುತ್ತಲಿನ ಸಾಮಾನು: ಬಣ್ಣ, ಚಕ್ರ, ಸೀಟು, ಸ್ವಿಚ್ಚು, ಒಳಗಿನ ಪ್ರೋಗ್ರಾಂ. ಹಿಡಿ ತಿರುಗಿಸಿಕೊಂಡೇ ಇರದೆ ಗಾಡಿ ಒಂದೇ ವೇಗದಲ್ಲಿ ಓಡುವ ಕ್ರೂಸ್ ಕಂಟ್ರೋಲ್ ವಿಷಯದಲ್ಲಿ ಮಾತ್ರ ನಿಮ್ಮ ಗೆಳೆಯ ಹೇಳಿದ್ದು ನಿಜ ಆಗಬಹುದು.

ಈ ಹೆಸರಿನ ಗಾಡಿ ಹಿಂದೆ ಹೇಗೆ ಬದಲಾಯಿತು ನೋಡಿ. ಹಳೆಯ ಹಿಮಾಲಯನ್ 411 ಬಂದದ್ದು 2016ರಲ್ಲಿ, ಕಾರ್ಬ್ಯುರೇಟರ್ ಜೊತೆ. 2017ರಲ್ಲಿ ಬಿಎಸ್4 ಎಂಬ ಹೊಗೆ ನಿಯಮಕ್ಕಾಗಿ, ಪೆಟ್ರೋಲನ್ನು ಅಳೆದು ಚಿಮ್ಮಿಸುವ ಫ್ಯೂಯಲ್ ಇಂಜೆಕ್ಷನ್ ಬಂತು. 2018ರಲ್ಲಿ ಎಬಿಎಸ್, ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಲಾಕ್ ಆಗದಂತೆ ತಡೆಯುವ ಏರ್ಪಾಡು. 2020ರಲ್ಲಿ ಬಿಎಸ್6, ಜೊತೆಗೆ ಹಿಂದಿನ ಚಕ್ರದ ಎಬಿಎಸ್ ಆಫ್ ಮಾಡುವ ಸ್ವಿಚ್ಚು. 2021ರಲ್ಲಿ ದಾರಿ ತೋರಿಸುವ ಟ್ರಿಪ್ಪರ್ ಎಂಬ ಪುಟ್ಟ ಡಯಲ್. ಅದೇ ವರ್ಷ ಇನ್ನೊಂದು ಸಣ್ಣ ಕೆಲಸ ಮಾಡಿದರು. ಟ್ಯಾಂಕಿನ ಎರಡೂ ಬದಿಗೆ ಕಬ್ಬಿಣದ ರ್‍ಯಾಕ್ ಇತ್ತಲ್ಲ, ಅದು ಎತ್ತರದವರ ಮೊಣಕಾಲಿಗೆ ತಾಗುತ್ತಿತ್ತು. ಅದನ್ನು ಚಿಕ್ಕದು ಮಾಡಿದರು. ಹಿಂದಿನ ಕ್ಯಾರಿಯರ್ ತಗ್ಗಿಸಿದರು, ಕಾಲೆತ್ತಿ ಹಾಕುವುದು ಸುಲಭವಾಯಿತು. ನನ್ನ ಮಟ್ಟಿಗೆ ಆ ವರ್ಷದ ದೊಡ್ಡ ಸುಧಾರಣೆ ಡಯಲ್ ಅಲ್ಲ, ಆ ರ್‍ಯಾಕು.

ಇನ್ನೂ ಒಂದು ತಮಾಷೆ ಇದೆ. 2022ರಲ್ಲಿ ಲೋಕಕ್ಕೆಲ್ಲ ಚಿಪ್ ಕೊರತೆ ಬಂತು. ಆಗ ಅದೇ ಟ್ರಿಪ್ಪರನ್ನು ಗಾಡಿಯ ಜೊತೆ ಕೊಡುವುದು ನಿಲ್ಲಿಸಿ, ಬೇಕಾದವರು ದುಡ್ಡು ಕೊಟ್ಟು ಹಾಕಿಸಿಕೊಳ್ಳಿ ಎಂದರು. ಅಂದರೆ ಹೊಸ ಗಾಡಿಯಲ್ಲಿ ಹಳೆಯದಕ್ಕಿಂತ ಕಡಿಮೆ ಸಾಮಾನು! ಕಾದವನಿಗೆ ಯಾವಾಗಲೂ ಜಾಸ್ತಿ ಸಿಗುತ್ತದೆ ಎಂದು ನಂಬಿಕೊಂಡವರಿಗೆ ನಾನು ಇದನ್ನೇ ಹೇಳುವುದು.

ಈ ಏಳು ವರ್ಷದಲ್ಲಿ ಎಂಜಿನ್ನಿನ ಬುಡ ಮುಟ್ಟಲಿಲ್ಲ. ಮುಟ್ಟಿದಾಗಲೆಲ್ಲ ಕಾರಣ ಕಾನೂನು. ಕೊನೆಗೆ ಗಾಳಿಯಿಂದ ತಣಿಯುವ ಆ ಎಂಜಿನ್ನಿನಿಂದ ಇನ್ನು ಜಾಸ್ತಿ ಏನೂ ಹಿಂಡಲಾಗದು ಎಂದಾದ ಮೇಲೆ ಹೊಸದನ್ನೇ ಮಾಡಿದರು. ಅದೇ 450ರ ಶೆರ್ಪಾ ಎಂಜಿನ್, 2023ರ ನವೆಂಬರಿನಲ್ಲಿ ಬಂದದ್ದು. ಈ ಕಂಪನಿಯ ಮೊದಲ ಲಿಕ್ವಿಡ್ ಕೂಲ್ಡ್ ಎಂಜಿನ್, ಅಂದರೆ ದ್ರವದಿಂದ ತಣಿಯುವುದು. 40 ಪಿಎಸ್ ಶಕ್ತಿ, 40 ನ್ಯೂಟನ್ ಮೀಟರ್ ಟಾರ್ಕ್ (ಎಳೆಯುವ ಬಲ), ಆರು ಗೇರು. ಹಳೆಯದು ಸುಮಾರು 24 ಪಿಎಸ್, ಐದು ಗೇರು. 2025ರ ಏಪ್ರಿಲ್‌ನಲ್ಲಿ ಬಂದ ಓಬಿಡಿ-2ಬಿ ಎಂಬ ಹೊಗೆ ನಿಯಮವನ್ನೂ ಇದು ದಾಟಿಯಾಯಿತು. ಇದೇ ಎಂಜಿನ್ 2024ರಿಂದ ಇವರದೇ ಗೆರಿಲ್ಲಾ 450 ಬೈಕಿನಲ್ಲೂ ಇದೆ. ಇಷ್ಟು ದುಡ್ಡು ಸುರಿದು ಮಾಡಿದ ಎಂಜಿನ್ನನ್ನು ಎರಡು ಮೂರು ವರ್ಷಕ್ಕೆ ಯಾರು ಎತ್ತಿಡುತ್ತಾರೆ ಹೇಳಿ?

ಟ್ವಿನ್ ಸಿಲಿಂಡರಿನ ಮಾತು ಎಲ್ಲಿಂದ ಬಂತು ಎಂದು ಊಹಿಸಬಲ್ಲೆ. 2025ರ ನವೆಂಬರಿನಲ್ಲಿ ಇಟಲಿಯ ಮಿಲಾನ್ ಪ್ರದರ್ಶನದಲ್ಲಿ ಹಿಮಾಲಯನ್ 750ರ ಮೂಲ ಮಾದರಿ ತೋರಿಸಿದರು. ಅದು ಎರಡು ಸಿಲಿಂಡರಿನದ್ದು. ಅದೇ ಸಮಯಕ್ಕೆ ಬಿಎಂಡಬ್ಲ್ಯು ತನ್ನ ಎಫ್ 450 ಜಿಎಸ್ ಅನ್ನೂ ಹೊರತಂದಿತು. 420 ಸಿಸಿ, ಎರಡು ಸಿಲಿಂಡರ್. ‘ಹಿಮಾಲಯನ್’, ‘450’, ‘ಟ್ವಿನ್’ ಮೂರೂ ಪದ ಒಂದೇ ವಾರದಲ್ಲಿ ಕಿವಿಗೆ ಬಿದ್ದರೆ ಬಾಯಿಂದ ಬಾಯಿಗೆ ಹೋಗುತ್ತಾ ಒಂದೇ ಗಾಡಿ ಆಗಿಬಿಡುತ್ತದೆ. ನಮ್ಮೂರಲ್ಲಿ ಮದುವೆ ಸುದ್ದಿ ಹರಡುವುದೂ ಹೀಗೇ ಅಲ್ವಾ.

ಇನ್ನು ತೆರಿಗೆ. ಗಾಡಿಯ ಮುಂದಿನ ರೂಪ ಊಹಿಸುವವರು ಇದನ್ನು ನೋಡುವುದೇ ಇಲ್ಲ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳಿಗೆ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿಯಿತು. ಅದಕ್ಕಿಂತ ದೊಡ್ಡದಕ್ಕೆ 40 ಆಯಿತು. ಮುಂಚೆ ಸೆಸ್ ಸೇರಿ 31 ಇತ್ತು. ಹಿಮಾಲಯನ್ 450ರ ಬಿಡುಗಡೆಯ ರೇಟು 2023ರಲ್ಲಿ 2.69 ಲಕ್ಷದಿಂದ ಶುರುವಾಗಿತ್ತು, 2024ರ ಜನವರಿಯಲ್ಲಿ 2.85 ಆಯಿತು, ಜಿಎಸ್‌ಟಿ ಬದಲಾದ ಮೇಲೆ 3.05 ಲಕ್ಷ ದಾಟಿತು. ಎಂಜಿನ್ ಅದೇ, ಚಾಸಿ ಅದೇ. ಇದಕ್ಕೆ ನಮ್ಮ ರಾಜ್ಯದ ಲೈಫ್‌ಟೈಮ್ ಟ್ಯಾಕ್ಸ್ ಸೇರಿಸಿ. ಒಂದು ಲಕ್ಷಕ್ಕಿಂತ ಜಾಸ್ತಿ ಬೆಲೆಯ ಬೈಕಿಗೆ 18 ಪರ್ಸೆಂಟ್, ಅದರ ಮೇಲೆ ಸೆಸ್. 3.05 ಲಕ್ಷಕ್ಕೆ ಟ್ಯಾಕ್ಸೇ ಸುಮಾರು 55 ಸಾವಿರ. ಕಂಪನಿ ಹೊಸ ಸಾಮಾನು ಹಾಕಿ ರೇಟು ಹತ್ತು ಸಾವಿರ ಏರಿಸಿದರೆ ನಿಮ್ಮ ಕೈಯಿಂದ ಹೋಗುವುದು ಹನ್ನೆರಡು ಸಾವಿರ.

ಹಾಗಾದರೆ 18 ಪರ್ಸೆಂಟಿನ ಆಸೆಗೆ ಈ ಎಂಜಿನ್ನನ್ನೇ 350 ಸಿಸಿಗೆ ಇಳಿಸುತ್ತಾರಾ ಎಂದು ಒಬ್ಬರು ಕೇಳಿದ್ದರು. 400 ಸಿಸಿ ಆಸುಪಾಸಿನಲ್ಲೇ ವ್ಯಾಪಾರ ಮಾಡುವ ಕಂಪನಿಗಳಿಗೆ ಆ ಯೋಚನೆ ಬಂದರೆ ತಪ್ಪಿಲ್ಲ. ಇವರಿಗೆ ಯಾಕೆ? ಕ್ಲಾಸಿಕ್, ಬುಲೆಟ್, ಹಂಟರ್, ಮೀಟಿಯೋರ್ ಎಲ್ಲದರಲ್ಲೂ 350 ಸಿಸಿಯದ್ದು ಇದೆ. ಸಾಲಾಗಿ ನಿಂತಿವೆ. ಅಲ್ಲಿ ಅವರಿಗೆ ಹೊಸ ಎಂಜಿನ್ನಿನ ಹಸಿವಿಲ್ಲ.

ಅವರ ನಿದ್ದೆ ಕೆಡಿಸುವುದು ಅಕ್ಕಪಕ್ಕದವರು. 2025ರ ಜನವರಿಯಲ್ಲಿ ಹೊಸ ಕೆಟಿಎಂ 390 ಅಡ್ವೆಂಚರ್ ಬಂತು. 399 ಸಿಸಿ, 46 ಪಿಎಸ್. ಕ್ರೂಸ್ ಕಂಟ್ರೋಲ್ ಇದೆ, ತಿರುವಿನಲ್ಲಿ ಗಾಡಿ ವಾಲಿದ್ದು ತಿಳಿದು ಕೆಲಸ ಮಾಡುವ ಎಬಿಎಸ್ ಇದೆ. ಅದು ದುಬಾರಿ ಗಾಡಿ, ಅದನ್ನು ತಗೊಳ್ಳುವವರು ಬೇರೆ ಎಂದು ಸುಮ್ನಿರಬಹುದಿತ್ತು. ಆದರೆ ಅದೇ ವರ್ಷ ಅಕ್ಟೋಬರಿನಲ್ಲಿ ಹೊಸೂರಿನ ಟಿವಿಎಸ್‌ನವರು ಅಪಾಚೆ ಆರ್‌ಟಿಎಕ್ಸ್ 300 ತಂದರು. 299 ಸಿಸಿ, 36 ಪಿಎಸ್, ಆಗಿನ ಶುರುವಿನ ಬೆಲೆ 1.99 ಲಕ್ಷ. ಅದರಲ್ಲಿ ಕ್ರೂಸ್ ಕಂಟ್ರೋಲ್, ಹಿಂದಿನ ಚಕ್ರ ಜಾರದಂತೆ ತಡೆಯುವ ಟ್ರಾಕ್ಷನ್ ಕಂಟ್ರೋಲ್ ಎರಡೂ ಇವೆ. ಎರಡು ಲಕ್ಷದ ಗಾಡಿಯಲ್ಲಿ ಇರುವುದು ಮೂರು ಲಕ್ಷದ ಗಾಡಿಯಲ್ಲಿ ಯಾಕಿಲ್ಲ ಎಂದು ಶೋರೂಮಿಗೆ ಬಂದವರು ಕೇಳದೆ ಬಿಡುತ್ತಾರಾ? ನಮ್ಮ ಗಾಡಿ ಸರಳ, ಗಟ್ಟಿ ಎಂಬ ಉತ್ತರ ಇನ್ನು ಜಾಸ್ತಿ ದಿನ ನಡೆಯುವುದಿಲ್ಲ.

ಇವೆರಡನ್ನೂ ಕೊಡುವುದು ರಾಯಲ್ ಎನ್‌ಫೀಲ್ಡಿನವರಿಗೆ ಕಷ್ಟವೂ ಅಲ್ಲ. ಹಿಮಾಲಯನ್ 450ರಲ್ಲಿ ಆಕ್ಸಿಲರೇಟರ್ ಕೇಬಲ್ಲೇ ಇಲ್ಲ. ನೀವು ಹಿಡಿ ತಿರುಗಿಸಿದ್ದನ್ನು ಸೆನ್ಸರ್ ಓದುತ್ತದೆ, ಒಂದು ಸಣ್ಣ ಮೋಟಾರು ಥ್ರಾಟಲ್ ತೆರೆಯುತ್ತದೆ. ರೈಡ್ ಬೈ ವೈರ್ ಎಂದರೆ ಇದೇ. ಹೀಗಿದ್ದ ಮೇಲೆ ಕ್ರೂಸ್ ಕಂಟ್ರೋಲ್‌ಗೆ ಬೇಕಾದದ್ದು ಒಂದು ಸ್ವಿಚ್ಚು, ಸ್ವಲ್ಪ ಪ್ರೋಗ್ರಾಂ, ಆಮೇಲೆ ಬ್ರೇಕ್ ಅಥವಾ ಕ್ಲಚ್ ಹಿಡಿದ ತಕ್ಷಣ ಬಿಟ್ಟುಕೊಡುವ ಏರ್ಪಾಡು. ಟ್ರಾಕ್ಷನ್ ಕಂಟ್ರೋಲ್ ಕೂಡ ಹಾಗೇ. ಹಿಂದಿನ ಚಕ್ರ ಮುಂದಿನದಕ್ಕಿಂತ ಜೋರಾಗಿ ತಿರುಗುತ್ತಿದೆಯಾ ಎಂದು ನೋಡಬೇಕು, ತಿರುಗಿದರೆ ಎಂಜಿನ್ನಿನ ಶಕ್ತಿ ತಗ್ಗಿಸಬೇಕು. ಚಕ್ರದ ವೇಗ ಅಳೆಯುವ ಸೆನ್ಸರುಗಳು ಎಬಿಎಸ್‌ಗಾಗಿ ಎರಡೂ ಕಡೆ ಈಗಾಗಲೇ ಇವೆ. ಸಾಮಾನು ಎಲ್ಲ ಅಡುಗೆಮನೆಯಲ್ಲೇ ಇದೆ, ಒಗ್ಗರಣೆ ಹಾಕಿಲ್ಲ ಅಷ್ಟೆ. ಹಾಕದೇ ಇರುವುದು ನನ್ನ ಕಣ್ಣಿಗೆ ಸರಳತೆ ಅಲ್ಲ, ಜಿಪುಣತನ.

ತಿರುವಿನ ಎಬಿಎಸ್ ಮಾತು ಬೇರೆ. ಅದಕ್ಕೆ ಗಾಡಿ ಎಷ್ಟು ವಾಲಿದೆ ಎಂದು ಅಳೆಯುವ ಬೇರೆಯೇ ಪೆಟ್ಟಿಗೆ ಬೇಕು, ಖರ್ಚೂ ಜಾಸ್ತಿ. 750 ಬಂದಾಗ ಅದರ ಬೆಲೆಗೆ ಸಮಜಾಯಿಷಿ ಕೊಡಲು ಅವರಿಗೆ ಏನಾದರೂ ಬೇಕಲ್ಲ. ಇದನ್ನು ಅದಕ್ಕೇ ಎತ್ತಿಡುತ್ತಾರೆ ಎಂದು ನನ್ನ ಲೆಕ್ಕ.

ಚಕ್ರದ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು. ಮಾಮೂಲಿ ಕಡ್ಡಿ ಚಕ್ರದಲ್ಲಿ ರಿಮ್ಮಿನ ನಡುವೆಯೇ ತೂತು ಕೊರೆದು ಕಡ್ಡಿ ಸಿಕ್ಕಿಸಿರುತ್ತಾರೆ. ಆ ತೂತುಗಳಲ್ಲಿ ಗಾಳಿ ನಿಲ್ಲುವುದಿಲ್ಲ, ಅದಕ್ಕೇ ಟ್ಯೂಬು. ಕಡ್ಡಿಗಳನ್ನು ರಿಮ್ಮಿನ ಅಂಚಿಗೆ ಸಿಕ್ಕಿಸಿ ನಡುಭಾಗ ತೂತಿಲ್ಲದೆ ಬಿಟ್ಟರೆ ಟ್ಯೂಬ್‌ಲೆಸ್ ಆಗುತ್ತದೆ. ಹಿಮಾಲಯನ್ 450 ಬಂದಾಗ ಹೊರದೇಶದವರಿಗೆ ಟ್ಯೂಬ್‌ಲೆಸ್ ಕಡ್ಡಿ ಚಕ್ರ, ನಮಗೆ ಟ್ಯೂಬು. ಇಲ್ಲಿಗೆ ಅದು ಬರಲು ಸುಮಾರು ಒಂದು ವರ್ಷ ಹಿಡಿಯಿತು, 2024ರ ಕೊನೆಯ ಹೊತ್ತಿಗೆ ಬಂತು. ಹನ್ನೊಂದು ಹನ್ನೆರಡು ಸಾವಿರ ಜಾಸ್ತಿ ಕೊಟ್ಟು ಹಾಕಿಸಿಕೊಳ್ಳಬೇಕಿತ್ತು.

ಅದು ಯಾಕೆ ಅಷ್ಟು ಮುಖ್ಯ ಎಂದು ಘಾಟಿಯಲ್ಲಿ ಪಂಚರ್ ಆದವರಿಗೆ ಗೊತ್ತು. ಒಂದು ಮಳೆಗಾಲ, ಸಂಜೆ ಐದೂವರೆ, ಚಾರ್ಮಾಡಿಯ ತಿರುವಿನಲ್ಲಿ ನನ್ನ ಆಗಿನ ಗಾಡಿಯ ಹಿಂದಿನ ಚಕ್ರಕ್ಕೆ ಮೊಳೆ ಹೊಕ್ಕಿತು. ಚಕ್ರ ಬಿಚ್ಚಿ, ಟೈರ್ ಎಬ್ಬಿಸಿ, ಬ್ಯಾಗಿನಲ್ಲಿದ್ದ ಹೊಸ ಟ್ಯೂಬ್ ಹಾಕಿದೆ. ಕೊನೆಯ ನಾಲ್ಕು ಬೆರಳಿನಷ್ಟು ಟೈರ್ ಒಳಗೆ ತಳ್ಳುವಾಗ ಲಿವರ್ ತುದಿಗೆ ಟ್ಯೂಬ್ ಸಿಕ್ಕಿ ಕಚ್ಚಿತು. ಗಾಳಿ ಹೊಡೆಯುತ್ತೇನೆ, ಹೊಡೆಯುತ್ತೇನೆ, ನಿಲ್ಲಲೇ ಇಲ್ಲ. ಕೊಟ್ಟಿಗೆಹಾರದ ಕಡೆ ಹೋಗುತ್ತಿದ್ದ ಪಿಕಪ್ ಒಂದರಲ್ಲಿ ತರಕಾರಿ ಕ್ರೇಟುಗಳ ನಡುವೆ ಗಾಡಿ ಮಲಗಿಸಿಕೊಂಡು ಮೇಲೆ ಬಂದೆ. ಟ್ಯೂಬ್‌ಲೆಸ್ ಆಗಿದ್ದರೆ ಮೊಳೆ ಕಿತ್ತು, ರಬ್ಬರ್ ಬತ್ತಿ ತುರುಕಿ, ಗಾಳಿ ಹಾಕಿಕೊಂಡು ಹತ್ತು ನಿಮಿಷದಲ್ಲಿ ಹೊರಡುತ್ತಿದ್ದೆ. ಮುಂದಿನ ಅಪ್‌ಡೇಟಿನಲ್ಲಿ ಈ ಚಕ್ರ ಎಲ್ಲ ವೇರಿಯಂಟಿಗೂ ಮಾಮೂಲಿಯಾಗಿ ಬರಬೇಕು, ಬರುತ್ತದೆ ಎಂದೇ ನನ್ನ ಅಂದಾಜು. ಅಲ್ಲಿಯವರೆಗೆ ಚಕ್ರ ನೋಡಿಯೇ ವೇರಿಯಂಟ್ ಆರಿಸಿ. ಇದರಲ್ಲಿ ಮಾತ್ರ ದುಡ್ಡು ಉಳಿಸಬೇಡಿ.

ಬಣ್ಣಗಳ ಬಗ್ಗೆ ಹೇಳುವುದು ಅಷ್ಟಿಲ್ಲ. ಆಗಾಗ ಹೊಸದು ಬರುತ್ತದೆ, ಕೆಲವು ಹಿಮಾಲಯದ ಊರುಗಳ ಹೆಸರು ಹೊತ್ತು. ಹಾನ್ಲೆ ಬ್ಲ್ಯಾಕ್ ಎಂಬ ಬಣ್ಣ ಇದೆಯಲ್ಲ, ಆ ಹಾನ್ಲೆಯಲ್ಲಿರುವ ದೊಡ್ಡ ದೂರದರ್ಶಕವನ್ನು ನಡೆಸುವುದು ನಮ್ಮ ಬೆಂಗಳೂರಿನ ಖಗೋಳ ಸಂಸ್ಥೆ, ಹೊಸಕೋಟೆಯಲ್ಲಿ ಕೂತು. ಸುಮ್ನೆ ನೆನಪಾಯಿತು. 2025ರ ಕೊನೆಗೆ ಬಂದ ಮಾನಾ ಬ್ಲ್ಯಾಕ್ ಮಾತ್ರ ಬರೀ ಬಣ್ಣ ಅಲ್ಲ. ರ್‍ಯಾಲಿ ಸೀಟು, ಕೈಗಾಪು, ಎತ್ತರದ ಮಡ್‌ಗಾರ್ಡ್, ಟ್ಯೂಬ್‌ಲೆಸ್ ಚಕ್ರ ಎಲ್ಲ ಫ್ಯಾಕ್ಟರಿಯಿಂದಲೇ ಹಾಕಿ 3.37 ಲಕ್ಷಕ್ಕೆ ಕೊಟ್ಟರು. ಇದು ನನಗೆ ಮಸುಕು ಫೋಟೊಗಳಿಗಿಂತ ಒಳ್ಳೆಯ ಸುಳಿವು. ಎಂಜಿನ್ ಮುಟ್ಟದೆ, ಆಕ್ಸೆಸರಿ ಪಟ್ಟಿಯಲ್ಲಿ ಇದ್ದದ್ದನ್ನೇ ಒಟ್ಟು ಮಾಡಿ ಹೊಸ ಗಾಡಿ ಎನ್ನುವುದು. ಮುಂದಿನದ್ದೂ ಇದೇ ದಾರಿಯಲ್ಲಿ ಬರುತ್ತದೆ.

ನಾನು ನಿಜಕ್ಕೂ ಕೇಳುವ ಬದಲಾವಣೆ ಬೇರೆ ಇದೆ. ಅದು ಯಾರ ಫೋಟೊದಲ್ಲೂ ಕಾಣುವುದಿಲ್ಲ. 411ರ ಪೂರ್ತಿ ಟಾರ್ಕ್ 4,000ದಿಂದ 4,500 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಒಳಗೇ ಸಿಗುತ್ತಿತ್ತು. 450ರದ್ದು 5,500ಕ್ಕೆ. ಹೆದ್ದಾರಿಯಲ್ಲಿ 450 ಎಷ್ಟೋ ಮೇಲು, ಆ ಮಾತೇ ಬೇಡ. ಆದರೆ ಮುಳ್ಳಯ್ಯನಗಿರಿಯ ಕಡಿದಾದ ತಿರುವಿಗೆ ಹಿಂದೆ ಆಳು ಕೂರಿಸಿಕೊಂಡು ಎರಡನೇ ಗೇರಿನಲ್ಲಿ ಬನ್ನಿ. ಹಳೆಯದು ಎತ್ತಿನ ಹಾಗೆ ತಲೆ ಬಗ್ಗಿಸಿ ಎಳೆದುಕೊಂಡು ಹೋಗುತ್ತಿತ್ತು. ಹೊಸದು 3,000ಕ್ಕಿಂತ ಕೆಳಗೆ ಬಿದ್ದರೆ ತಡವರಿಸುತ್ತದೆ. ಹಾಫ್ ಕ್ಲಚ್ ಹಿಡಿಯಬೇಕು, ಇಲ್ಲ ಮೊದಲನೇ ಗೇರಿಗೆ ಇಳಿಸಬೇಕು. ಪ್ರೋಗ್ರಾಂ ತಿದ್ದಿ, ಬೇಕಿದ್ದರೆ ಚೈನ್ ಕೂರುವ ಹಿಂದಿನ ಸ್ಪ್ರಾಕೆಟ್ಟಿಗೆ ಒಂದೆರಡು ಹಲ್ಲು ಸೇರಿಸಿ ಇದನ್ನು ಸುಮಾರು ಸರಿ ಮಾಡಬಹುದು. ಮಾಡಿದರೂ ಜಾಹೀರಾತಿನಲ್ಲಿ ಹೇಳಲಾರರು, ಹೇಳಿದರೆ ಮೊದಲು ಸರಿ ಇರಲಿಲ್ಲ ಎಂದು ಒಪ್ಪಿಕೊಂಡಂತೆ ಅಲ್ವಾ.

ಈಗ ನಿಮ್ಮ ವಿಷಯ. ನಾನು ಲೆಕ್ಕ ಹಾಕುವ ರೀತಿ ಇಷ್ಟೇ: ನಿಮಗೆ ಬೇಕಾದದ್ದನ್ನು ಆಮೇಲೆ ಬೋಲ್ಟ್ ಹಾಕಿ ಸೇರಿಸಬಹುದಾ? ಸೇರಿಸಬಹುದಾದರೆ ಕಾಯಬೇಡಿ. ಸೀಟು, ಚಕ್ರ, ಕೈಗಾಪು, ವಿಂಡ್‌ಸ್ಕ್ರೀನ್, ಪೆಟ್ಟಿಗೆ, ಫಾಗ್ ಲೈಟ್ ಎಲ್ಲ ಸೇರಿಸಬಹುದಾದವು. ಕ್ರೂಸ್ ಕಂಟ್ರೋಲ್, ಟ್ರಾಕ್ಷನ್ ಕಂಟ್ರೋಲ್ ಹಾಗಲ್ಲ. ಮುಂದೆ ಬಂದರೂ ಹಳೆಯ ಗಾಡಿಗೆ ಹಾಕಿಕೊಡುತ್ತಾರೆ ಎಂದು ನಾನು ನಂಬುವುದಿಲ್ಲ. ನೆಲಮಂಗಲದಿಂದ ಹಾಸನದವರೆಗಿನ ಆ ನೇರ ರಸ್ತೆಯಲ್ಲಿ ಬಲಗೈ ಜೋಮು ಹಿಡಿಯುವುದು ನಿಮ್ಮ ದೊಡ್ಡ ದೂರು ಆಗಿದ್ದರೆ ಕಾಯಿರಿ, ಅಥವಾ ಅದು ಈಗಾಗಲೇ ಇರುವ ಬೇರೆ ಗಾಡಿ ನೋಡಿ. ತಿಂಗಳಿಗೊಮ್ಮೆ ಹೋಗುವವರಿಗೆ ಅದೊಂದಕ್ಕಾಗಿ ಆರು ತಿಂಗಳು ಕಾಯಿರಿ ಎಂದು ನಾನಂತೂ ಹೇಳಲಾರೆ.

ನಿಮ್ಮ ನಿಜವಾದ ತೊಡಕು ಎತ್ತರ. ಐದು ಅಡಿ ಆರು ಇಂಚಿಗೆ 825 ಎಂಎಂ ಸೀಟು ಅಂದರೆ ಎರಡೂ ಪಾದ ಪೂರ್ತಿ ನೆಲಕ್ಕೆ ಊರುವುದಿಲ್ಲ. ಗಾಡಿ 196 ಕೆಜಿ. ಹಿಂದೆ ಹೆಂಡತಿ, ಬ್ಯಾಗು, ಕೆಳಗೆ ಮಳೆಗಾಲದ ಜಾರುವ ಮಣ್ಣು. ಕಂಪನಿಯವರದ್ದೇ ತಗ್ಗು ಸೀಟು 805ಕ್ಕೆ ಇಳಿಯುತ್ತದೆ, ಕೇಳಿ ಹಾಕಿಸಿಯೇ ಟೆಸ್ಟ್ ರೈಡ್ ಮಾಡಿ. ಮಾನಾ ಬ್ಲ್ಯಾಕ್‌ನ ಸೀಟು 860, ಅದರ ಕಡೆ ನೋಡಲೇಬೇಡಿ.

ಟೆಸ್ಟ್ ರೈಡಿಗೆ ಒಬ್ಬರೇ ಹೋಗಬೇಡಿ. ಹೆಂಡತಿಯನ್ನೂ ಕೂರಿಸಿಕೊಂಡು ಹೋಗಿ. ಶೋರೂಮಿನ ಮುಂದಿನ ರಸ್ತೆಯಲ್ಲಿ ಎರಡು ಸುತ್ತು ಹೊಡೆದರೆ ಏನೂ ಗೊತ್ತಾಗುವುದಿಲ್ಲ. ಏರಿನಲ್ಲಿ ಗಾಡಿ ನಿಲ್ಲಿಸಿ ಮತ್ತೆ ಹೊರಡಿಸಿ, ಎಂಜಿನ್ ಎಷ್ಟು ಸಲ ಆಫ್ ಆಗುತ್ತದೆ ನೋಡಿ. ಹತ್ತು ನಿಮಿಷ ನಿಧಾನಕ್ಕೆ ಓಡಿಸಿ ನಿಲ್ಲಿಸಿದಾಗ ಫ್ಯಾನಿನ ಬಿಸಿ ಗಾಳಿ ಯಾವ ಕಾಲಿಗೆ ಬಡಿಯುತ್ತದೆ, ಅದು ನಿಮಗೆ ತಡೆಯುತ್ತದಾ ಗಮನಿಸಿ. ಇಳಿದ ಮೇಲೆ ಸೊಂಟ, ಮಂಡಿ ಹೇಗಿದೆ ಎಂದು ನಿಮ್ಮವರನ್ನು ಕೇಳಿ. ಅವರು ಒಲ್ಲೆ ಅಂದರೆ ಹೊಸ ಮಾಡೆಲಿಗೆ ಕಾದರೂ ಪ್ರಯೋಜನವಿಲ್ಲ, ಹಿಂದಿನ ಸೀಟನ್ನು ಯಾರೂ ಆರು ತಿಂಗಳಲ್ಲಿ ಬದಲಿಸುವುದಿಲ್ಲ.

ಬುಕ್ ಮಾಡುವುದಾದರೆ ಗಾಡಿ ತಯಾರಾದ ತಿಂಗಳು ಕೇಳಿ. ಆರ್‌ಸಿಯಲ್ಲೂ ಅದೇ ಬರುವುದು, ಮುಂದೆ ಮಾರುವಾಗ ನೋಡುವುದೂ ಅದನ್ನೇ. ಏಳೆಂಟು ತಿಂಗಳಿಂದ ಗೋಡೌನಿನಲ್ಲಿ ನಿಂತಿದ್ದ ಗಾಡಿಯನ್ನು ಹೊಸದರ ರೇಟಿಗೇ ಕೊಡಲು ಬಂದರೆ ಆಕ್ಸೆಸರಿಯಲ್ಲೋ ಇನ್ಶೂರೆನ್ಸಿನಲ್ಲೋ ಇಳಿಸಿ ಅನ್ನಿ. ನಿಮ್ಮ ಗೆಳೆಯನನ್ನೂ ಅವತ್ತು ಜೊತೆಗೆ ಕರೆದುಕೊಂಡು ಹೋಗಿ. ‘ಹೊಸದು ಬರುತ್ತಂತಲ್ಲ’ ಎಂಬ ಅವರ ಮಾತು ಚೌಕಾಸಿಗೆ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ.